ಕ್ಲಾಟ್‌ಗೆ ಒಂದು ದಾರಿ, ಸಿಯುಇಟಿಗೆ ಇನ್ನೊಂದು: ಇಂಗ್ಲಿಷ್ ಓದು ಮತ್ತು ಪದಗಳ ಅಭ್ಯಾಸ ಆರಿಸಿಕೊಳ್ಳುವುದು ಹೇಗೆ

ಕರ್ನಾಟಕದ ಪಿಯುಸಿ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಯವಿರುವುದು ಕೆಸಿಇಟಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಬರೆದರೆ ಅದು ಮುಗಿಯಿತು. ಹೊರನಾಡು, ಗಡಿನಾಡು ಕನ್ನಡಿಗರಿಗಿರುವ ಕನ್ನಡ ಪರೀಕ್ಷೆ ಬಿಟ್ಟರೆ ಅಲ್ಲಿ ಭಾಷೆಯ ಪತ್ರಿಕೆಯೇ ಇಲ್ಲ. ಹಾಗಾಗಿ ಕಾನೂನು ಓದಲು ಕ್ಲಾಟ್ ಬರೆಯಬೇಕೆಂದೋ, ಕೇಂದ್ರೀಯ ವಿಶ್ವವಿದ್ಯಾಲಯ ಸೇರಲು ಸಿಯುಇಟಿ ಬರೆಯಬೇಕೆಂದೋ ತೀರ್ಮಾನಿಸಿದವರು ಇಂಗ್ಲಿಷ್ ಪತ್ರಿಕೆಗೆ ಹೇಗೆ ತಯಾರಾಗಬೇಕೆಂದು ತಿಳಿಯದೆ ಅಂಗಡಿಯಲ್ಲಿ ಸಿಕ್ಕ ದಪ್ಪನೆಯ ಪುಸ್ತಕವೊಂದನ್ನು ಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರ ಮೊದಲರ್ಧ ಪದಪಟ್ಟಿ, ಉಳಿದರ್ಧ ವ್ಯಾಕರಣ. ಒಂದೇ ಪುಸ್ತಕ ಎರಡೂ ಪರೀಕ್ಷೆಗೆ ಆಗುತ್ತದೆ ಎಂಬ ಲೆಕ್ಕಾಚಾರ ಇಲ್ಲೇ ತಪ್ಪುತ್ತದೆ. ಎರಡು ಪತ್ರಿಕೆಗಳೂ ಕೇಳುವುದು ಬೇರೆ ಬೇರೆ. ಆದ್ದರಿಂದ ಮೊದಲು ಪತ್ರಿಕೆ ಏನು ಕೇಳುತ್ತದೆ ಎಂದು ನೋಡಿ, ಆಮೇಲೆ ಸಾಧನ ಆರಿಸಬೇಕು.

ಪತ್ರಿಕೆ ಏನು ಕೇಳುತ್ತದೆ

ಕ್ಲಾಟ್ ಪದವಿ ಪ್ರವೇಶ ಪರೀಕ್ಷೆಯಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ಇಂಗ್ಲಿಷ್ ಭಾಗದಲ್ಲಿ 22ರಿಂದ 26 ಪ್ರಶ್ನೆ, ಅಂದರೆ ಸುಮಾರು ಐದನೇ ಒಂದು ಪಾಲು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಎಲ್ಲ ಪ್ರಶ್ನೆಗಳೂ ಸುಮಾರು 450 ಪದಗಳ ಪ್ಯಾಸೇಜ್‌ಗಳಿಂದಲೇ ಹುಟ್ಟುತ್ತವೆ. ಲೇಖಕರ ನಿಲುವೇನು, ಇದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಈ ಸಾಲಿನಲ್ಲಿ ಈ ಪದಕ್ಕೆ ಯಾವ ಅರ್ಥ ಎಂಬ ಬಗೆಯವು. ಪದದ ಪ್ರಶ್ನೆ ಬಂದರೂ ಅದು ಪ್ಯಾಸೇಜ್‌ಗೆ ಕಟ್ಟಿಕೊಂಡೇ ಬರುತ್ತದೆ.

ಸಿಯುಇಟಿಯ ಇಂಗ್ಲಿಷ್ ಪತ್ರಿಕೆಯಲ್ಲಿ 2025ರಿಂದ 60 ನಿಮಿಷಕ್ಕೆ 50 ಪ್ರಶ್ನೆ, ಎಲ್ಲವೂ ಕಡ್ಡಾಯ. ಸರಿ ಉತ್ತರಕ್ಕೆ 5, ತಪ್ಪಿಗೆ 1 ಕಡಿತ. ಮಾಹಿತಿಯ, ಕಥನದ ಮತ್ತು ಸಾಹಿತ್ಯದ ಪ್ಯಾಸೇಜ್‌ಗಳು ಒಂದು ಕಡೆ. ಇನ್ನೊಂದು ಕಡೆ ಸಮಾನಾರ್ಥಕ, ವಿರುದ್ಧಾರ್ಥಕ, ಸರಿಯಾದ ಪದದ ಆಯ್ಕೆ, ಕದಡಿದ ವಾಕ್ಯಗಳ ಜೋಡಣೆ. ಇಲ್ಲಿ ಪದ ಒಂಟಿಯಾಗಿ ಎದುರು ನಿಲ್ಲುತ್ತದೆ, ಸುತ್ತಲಿನ ಸಾಲಿನಿಂದ ಊಹಿಸುವ ಅವಕಾಶ ಕಡಿಮೆ. ಪದ ಗೊತ್ತಿದ್ದರೆ ಹತ್ತು ಸೆಕೆಂಡಿನ ಕೆಲಸ. ಗೊತ್ತಿಲ್ಲದಿದ್ದರೆ ಎಷ್ಟು ಹೊತ್ತು ಕೂತರೂ ಹೊಳೆಯದು.

ಹೀಗಾಗಿ ಸಿಯುಇಟಿಗೆ ಪದಸಂಗ್ರಹ ದೊಡ್ಡದಿರಬೇಕು. ಕ್ಲಾಟ್‌ಗೆ ಸಂಗ್ರಹಕ್ಕಿಂತ ಸಾಲು ಬಿಡಿಸುವ ಶಕ್ತಿ ಮುಖ್ಯ. ಎರಡನ್ನೂ ಬರೆಯುವವರಿಗೆ ಕ್ಯಾಲೆಂಡರ್ ಅನುಕೂಲಕರವಾಗಿದೆ. ಕ್ಲಾಟ್ ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ ಆರಂಭದಲ್ಲಿ, ಅಂದರೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಗೆ ಮೊದಲು ನಡೆಯುತ್ತಿದೆ. ಸಿಯುಇಟಿ ಅದಾದ ಮೇಲೆ ಬರುತ್ತದೆ. ಮೊದಲು ಓದು ಗಟ್ಟಿ ಮಾಡಿಕೊಂಡು, ಡಿಸೆಂಬರ್ ಕಳೆದ ಮೇಲೆ ಪದಗಳ ಕೆಲಸವನ್ನು ಹೆಚ್ಚಿಸುವುದು ಸರಿಯಾದ ಕ್ರಮ.

ಪದಗಳಿಗೆ: ಪಟ್ಟಿ, ಕಾರ್ಡ್, ಓದು

ಅಕಾರಾದಿ ಪಟ್ಟಿ ಅಗ್ಗ, ಎಲ್ಲೆಡೆ ಸಿಗುತ್ತದೆ, ಮತ್ತು ಮೂರರಲ್ಲಿ ಅತ್ಯಂತ ದುರ್ಬಲ. ಅಬೇಟ್, ಅಬೇಸ್, ಅಬ್ಯಾಷ್ ಎಂದು ಒಂದೇ ರೀತಿ ಕೇಳಿಸುವ ಪದಗಳು ಅಕ್ಕಪಕ್ಕ ಕೂತು ಒಂದರ ಅರ್ಥ ಇನ್ನೊಂದಕ್ಕೆ ಅಂಟುತ್ತದೆ. ಪ್ರತಿ ಬಾರಿ ಹೊಸ ಹುರುಪಿನಿಂದ ಮೊದಲ ಪುಟದಿಂದಲೇ ಶುರುಮಾಡುವುದರಿಂದ ‘ಎ’, ‘ಬಿ’ ಅಕ್ಷರದ ಪದಗಳು ಗಟ್ಟಿಯಾಗಿ, ‘ಎಸ್’, ‘ಟಿ’ ತಲುಪುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಸಮಾನಾರ್ಥಕಗಳನ್ನು ಗುಂಪಾಗಿ ಕೊಡುವ ಪಟ್ಟಿಗೂ ಹೀಗೇ ಒಂದು ತೊಂದರೆ ಇದೆ. ಐದು ಹೊಸ ಪದಗಳನ್ನು ‘ಜಿಪುಣ’ ಎಂಬ ಒಂದೇ ಅರ್ಥದಡಿ ಒಂದೇ ದಿನ ಕಲಿತರೆ ಮರುವಾರ ಐದೂ ಕಲಸಿಹೋಗುತ್ತವೆ. ಗುಂಪು ಮಾಡುವುದು ಒಳ್ಳೆಯದೇ, ಆದರೆ ಪ್ರತಿ ಪದವೂ ಬೇರೆಯಾಗಿ ಪರಿಚಯವಾದ ಮೇಲೆ.

ಸಿಯುಇಟಿಗೆ ಕಾರ್ಡ್ ಪದ್ಧತಿಯೇ ಮೇಲು. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ಪದವನ್ನು ಮರುದಿನ, ಮೂರನೆಯ ದಿನ, ಒಂದು ವಾರಕ್ಕೆ, ಎರಡು ವಾರಕ್ಕೆ, ತಿಂಗಳಿಗೆ ಎಂದು ಅಂತರ ಹಿಗ್ಗಿಸುತ್ತಾ ನೆನಪಿಸಿಕೊಳ್ಳಬೇಕು. ಈ ಲೆಕ್ಕವನ್ನು ಆ್ಯಂಕಿ ಎಂಬ ತಂತ್ರಾಂಶ ತಾನೇ ನೋಡಿಕೊಳ್ಳುತ್ತದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಅದು ಉಚಿತ, ಐಫೋನ್‌ಗೆ ಹಣ ಕೊಡಬೇಕು. ಮೊಬೈಲ್ ಕೈಗೆ ಬಂದರೆ ಬೇರೆಲ್ಲೋ ಹೋಗುವ ಅಭ್ಯಾಸವಿದ್ದವರಿಗೆ ರಟ್ಟಿನ ಚೀಟಿ ಮತ್ತು ಐದು ಖಾನೆಯ ಡಬ್ಬಿ ಸಾಕು. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ.

ಕಾರ್ಡಿನಲ್ಲಿ ಏನು ಬರೆಯುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ. ಮುಂದೆ ಪದ, ಹಿಂದೆ ಒಂದು ಕನ್ನಡ ಅರ್ಥ ಎಂದಷ್ಟೇ ಬರೆದರೆ ಮುಂದೆ ಪೆಟ್ಟು ತಿನ್ನುತ್ತೀರಿ. ಪ್ರೂಡೆಂಟ್, ಶ್ರೂಡ್, ಕನಿಂಗ್ ಮೂರಕ್ಕೂ ಹಿಂದೆ ‘ಜಾಣ’ ಎಂದಿದ್ದರೆ ಪರೀಕ್ಷೆಯಲ್ಲಿ ಇವೇ ಮೂರು ಆಯ್ಕೆಗಳಾಗಿ ಬಂದಾಗ ಬೇರ್ಪಡಿಸಲು ಏನೂ ಇರದು. ಮೊದಲನೆಯದರಲ್ಲಿ ಮುಂದಾಲೋಚನೆ ಇದೆ, ಎರಡನೆಯದರಲ್ಲಿ ಚುರುಕು ಲೆಕ್ಕಾಚಾರ ಇದೆ, ಮೂರನೆಯದರಲ್ಲಿ ಮೋಸದ ನೆರಳಿದೆ. ಆದ್ದರಿಂದ ಕಾರ್ಡಿನ ಮುಂದೆ ಪದವಿರುವ ಪೂರ್ತಿ ವಾಕ್ಯ ಬರೆಯಿರಿ, ಪದಕ್ಕೆ ಅಡಿಗೆರೆ ಹಾಕಿ. ಹಿಂದೆ ಆ ವಾಕ್ಯದಲ್ಲಿನ ಅರ್ಥವನ್ನು ಕನ್ನಡದಲ್ಲಿ ಐದಾರು ಪದಗಳಲ್ಲಿ, ಅದರ ಕೆಳಗೆ ಒಂದು ವಿರುದ್ಧಾರ್ಥಕ, ಮತ್ತು ಪದ ಹೊಗಳುವಂಥದೋ ತೆಗಳುವಂಥದೋ ಎಂದು ಒಂದು ಕೂಡು ಅಥವಾ ಕಳೆ ಚಿಹ್ನೆ. ಆ ಚಿಹ್ನೆಯೊಂದೇ ವಿರುದ್ಧಾರ್ಥಕದ ಪ್ರಶ್ನೆಯಲ್ಲಿ ಎಷ್ಟೋ ಸಲ ಎರಡು ಆಯ್ಕೆಗಳನ್ನು ಒಮ್ಮೆಗೇ ಹೊಡೆದುಹಾಕುತ್ತದೆ.

ದಿನಕ್ಕೆ 10 ಹೊಸ ಪದ, ವಾರಕ್ಕೆ ಆರು ದಿನ. ಹದಿನಾರು ವಾರದಲ್ಲಿ 960 ಪದ. ಇದಕ್ಕಿಂತ ವೇಗವಾಗಿ ಹೋಗುವ ಆಸೆ ಬೇಡ. ಮೊದಲ ದಿನ 40 ಕಾರ್ಡ್ ಹಾಕಿದವರಿಗೆ ಮೂರನೆಯ ವಾರದಲ್ಲಿ ನೂರಾರು ಪುನರಾವರ್ತನೆ ಎದುರು ಬಂದು ನಿಲ್ಲುತ್ತದೆ. ಎರಡು ದಿನ ಬಿಟ್ಟರೆ ರಾಶಿ ಇಮ್ಮಡಿ, ಅಲ್ಲಿಗೆ ಕೈಬಿಡುವುದು ಖಚಿತ. ದಿನಕ್ಕೆ 10 ಎಂದರೂ ಹಳೆಯ ಕಾರ್ಡ್ ಸೇರಿ 25 ನಿಮಿಷದ ಕೆಲಸವಾಗುತ್ತದೆ ಎಂದು ಮೊದಲೇ ಎಣಿಸಿಕೊಳ್ಳಿ. ಬೇರೆಯವರು ಮಾಡಿಟ್ಟ ಸಾವಿರ ಪದದ ಸಿದ್ಧ ಕಾರ್ಡ್‌ಗಳು ಆಕರ್ಷಕವಾಗಿ ಕಾಣುತ್ತವೆ. ಆದರೆ ವಾಕ್ಯ ಹುಡುಕಿ ಬರೆಯುವ ಹೊತ್ತಿನಲ್ಲೇ ಪದ ಅರ್ಧ ಮನಸ್ಸಿಗೆ ಇಳಿದಿರುತ್ತದೆ, ಸಿದ್ಧ ಕಾರ್ಡಿನಲ್ಲಿ ಆ ಲಾಭವಿಲ್ಲ.

ಕ್ಲಾಟ್ ಒಂದೇ ಗುರಿಯಾಗಿದ್ದರೆ ಇಷ್ಟು ಕಾರ್ಡ್ ಬೇಕಿಲ್ಲ. ದಿನದ ಓದಿನಲ್ಲಿ ಅರ್ಥ ತಡೆದ ನಾಲ್ಕೈದು ಪದ ಮಾತ್ರ ಸಾಕು. ಆ ಪದಕ್ಕೆ ಮೊದಲು ಸಾಲಿನಿಂದಲೇ ಅರ್ಥ ಊಹಿಸಿ ಪೆನ್ಸಿಲಿನಲ್ಲಿ ಬರೆಯಿರಿ, ಆಮೇಲೆ ನಿಘಂಟು ತೆರೆಯಿರಿ. ಪರೀಕ್ಷೆ ಅಳೆಯುವುದು ಈ ಊಹೆಯನ್ನೇ. ನಿಘಂಟಿನಲ್ಲಿ ಲರ್ನರ್ಸ್ ಡಿಕ್ಷನರಿ ಎಂಬ ಬಗೆಯದನ್ನು ಆರಿಸಿ. ಅವುಗಳಲ್ಲಿ ವಿವರಣೆ ಸರಳ ಪದಗಳಲ್ಲಿರುತ್ತದೆ, ಪದ ಯಾವುದರ ಜೊತೆ ಬರುತ್ತದೆ ಎಂಬ ಉದಾಹರಣೆಯೂ ಇರುತ್ತದೆ.

ನಮ್ಮವರು ಎಡವುವುದು ಕಷ್ಟದ ಪದಗಳಲ್ಲಿ ಮಾತ್ರವಲ್ಲ, ಗೊತ್ತಿದೆ ಎಂದುಕೊಂಡ ಪದಗಳಲ್ಲಿ. ಕನ್ನಡ ಮಾತಿನಲ್ಲಿ ‘ಲೋನ್ ಸ್ಯಾಂಕ್ಷನ್ ಆಯ್ತು’ ಎಂದರೆ ಮಂಜೂರಾತಿ. ಅಂತರರಾಷ್ಟ್ರೀಯ ಸುದ್ದಿಯಲ್ಲಿ ಸ್ಯಾಂಕ್ಷನ್ ಎಂದರೆ ನಿರ್ಬಂಧ, ಕಾನೂನಿನ ಪ್ಯಾಸೇಜಿನಲ್ಲಿ ದಂಡನೆ. ಅಪ್ರಿಶಿಯೇಟ್ ನಮಗೆ ಮೆಚ್ಚುಗೆ, ಅರ್ಥಶಾಸ್ತ್ರದಲ್ಲಿ ರೂಪಾಯಿಯ ಬೆಲೆ ಏರುವುದು. ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದು ಎಂದಷ್ಟೇ ಗೊತ್ತಿದ್ದವರು, ಲೇಖಕರು ತಮ್ಮ ಹೇಳಿಕೆಯನ್ನು ಕ್ವಾಲಿಫೈ ಮಾಡಿದರು ಎಂಬ ಸಾಲನ್ನು ತಲೆಕೆಳಗು ಓದುತ್ತಾರೆ. ಅಲ್ಲಿ ಅದರ ಅರ್ಥ ಹೇಳಿಕೆಗೆ ಮಿತಿ ಹಾಕಿದರು ಎಂದು. ಕಾಂಪ್ರಮೈಸ್, ಪ್ರಾವಿಷನ್, ಫಂಕ್ಷನ್ ಇವೂ ಇದೇ ಜಾತಿ. ಇಂಥ ಪದಗಳಿಗೆ ನೋಟ್‌ಬುಕ್ಕಿನ ಕೊನೆಯಲ್ಲಿ ನಾಲ್ಕು ಪುಟ ಬೇರೆಯೇ ಇಡಿ. ಐವತ್ತು ಸೇರಿದರೆ ಸಾಕು, ಅಪರೂಪದ ಐನೂರು ಪದಗಳಿಗಿಂತ ಹೆಚ್ಚು ಉಪಯೋಗ.

ಓದಿಗೆ: ದಿನಪತ್ರಿಕೆ, ಪ್ಯಾಸೇಜ್ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ

‘ದಿನಾ ಹಿಂದೂ ಪೇಪರ್ ಓದು’ ಎಂಬ ಸಲಹೆ ಎಲ್ಲರಿಗೂ ಸಿಗುತ್ತದೆ. ಸಲಹೆ ಒಳ್ಳೆಯದೇ, ಅರ್ಧ ಮಾತ್ರ. ಮುಖಪುಟದಿಂದ ಕ್ರೀಡಾಪುಟದವರೆಗೆ ಒಂದೂವರೆ ಗಂಟೆ ಓದಿದರೆ ಸಾಮಾನ್ಯ ಜ್ಞಾನ ಬೆಳೆಯುತ್ತದೆ, ಪ್ಯಾಸೇಜ್ ಬಿಡಿಸುವ ಶಕ್ತಿ ಅಷ್ಟಾಗಿ ಬೆಳೆಯದು, ಏಕೆಂದರೆ ಸುದ್ದಿ ಬರಹದಲ್ಲಿ ವಾದವಿರುವುದಿಲ್ಲ. ಬೇಕಿರುವುದು ಸಂಪಾದಕೀಯ ಪುಟ. ದಿ ಹಿಂದೂ, ಇಂಡಿಯನ್ ಎಕ್ಸ್‌ಪ್ರೆಸ್, ಡೆಕ್ಕನ್ ಹೆರಾಲ್ಡ್ ಮೂರರಲ್ಲಿ ಯಾವುದಾದರೂ ಒಂದು. ಕನ್ನಡ ಮಾಧ್ಯಮದಿಂದ ಬಂದವರು ಡೆಕ್ಕನ್ ಹೆರಾಲ್ಡ್‌ನಿಂದ ಶುರುಮಾಡುವುದು ಸುಲಭ. ಕರ್ನಾಟಕದ ವಿಷಯ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ.

ಒಂದು ಲೇಖನಕ್ಕೆ 20 ನಿಮಿಷ. ಮೊದಲ ಓದು ನಿಲ್ಲದೆ, ಗಡಿಯಾರ ನೋಡಿಕೊಂಡು. ಎರಡನೆಯ ಓದಿನಲ್ಲಿ ಪ್ರತಿ ಪ್ಯಾರಾದ ಪಕ್ಕ ನಾಲ್ಕೈದು ಪದಗಳಲ್ಲಿ ಅದರ ಕೆಲಸವೇನೆಂದು ಬರೆಯಿರಿ: ಹಿನ್ನೆಲೆ, ಎದುರು ವಾದ, ಉದಾಹರಣೆ, ತೀರ್ಮಾನ. ಹೌಎವರ್, ಡಿಸ್ಪೈಟ್, ಆಲ್ದೋ, ಯೆಟ್ ಸಿಕ್ಕಲ್ಲಿ ಸುತ್ತುಹಾಕಿ. ವಾದ ತಿರುಗುವುದು ಅಲ್ಲೇ, ಪ್ರಶ್ನೆ ಹುಟ್ಟುವುದೂ ಬಹಳ ಸಲ ಅಲ್ಲೇ. ಕೊನೆಗೆ ಲೇಖಕರು ಹೇಳಿದ್ದೇನೆಂದು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಹೇಳಲಾಗದಿದ್ದರೆ ಅರ್ಥವಾಗಿಲ್ಲ, ಇಂಗ್ಲಿಷ್ ಪದಗಳನ್ನೇ ಮರಳಿ ಜೋಡಿಸಿ ಸಮಾಧಾನಪಟ್ಟುಕೊಳ್ಳಬೇಡಿ.

ಆದರೆ ಸಾಲು ಸಾಲನ್ನೂ ಕನ್ನಡಕ್ಕೆ ತಿರುಗಿಸಿಕೊಂಡು ಓದುವುದು ಬೇರೆ, ಅದು ಸಮಯ ನುಂಗುತ್ತದೆ. ಕಾರಣ ಎರಡು ಭಾಷೆಗಳ ಕಟ್ಟಿನಲ್ಲೇ ಇದೆ. ಕನ್ನಡದಲ್ಲಿ ‘ನಿನ್ನೆ ಬಂದ ಹುಡುಗ’ ಎಂದು ವಿವರಣೆ ಮೊದಲು, ನಾಮಪದ ಆಮೇಲೆ, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ಅವನ ವಿವರಣೆ ಹಿಂದಿನಿಂದ ಬಾಲದಂತೆ ಬೆಳೆಯುತ್ತದೆ. ತಿರುಗಿಸಿಕೊಳ್ಳುವವರು ಸಾಲಿನ ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರಬೇಕು, ಪ್ರತಿ ಸಾಲೂ ಎರಡು ಓದು. ಇದಕ್ಕೆ ಮದ್ದು, ಉದ್ದ ಸಾಲು ಬಂದಾಗ ಮೊದಲು ಕರ್ತೃ ಮತ್ತು ಮುಖ್ಯ ಕ್ರಿಯಾಪದ ಹಿಡಿಯುವುದು. ಹೂ, ವಿಚ್, ದ್ಯಾಟ್‌ನಿಂದ ಶುರುವಾಗುವ ಉಪವಾಕ್ಯಗಳಿಗೆ ಪೆನ್ಸಿಲಿನಲ್ಲಿ ಆವರಣ ಹಾಕಿ ಆಮೇಲೆ ನೋಡುವುದು. ದಿನಕ್ಕೆ ಐದು ಉದ್ದ ಸಾಲುಗಳನ್ನು ಹೀಗೆ ಬಿಡಿಸುತ್ತಾ ಹೋದರೆ ತಿಂಗಳೊಳಗೆ ಆವರಣ ಹಾಕದೆಯೇ ಕಣ್ಣಿಗೆ ಕಾಣತೊಡಗುತ್ತದೆ.

ಓದುವ ವೇಗದ ಬಗ್ಗೆ ಅನಗತ್ಯ ಭಯವಿದೆ. ಲೆಕ್ಕ ಹಾಕಿ ನೋಡೋಣ. ಕ್ಲಾಟ್ ಇಂಗ್ಲಿಷಿಗೆ ಸುಮಾರು 24 ನಿಮಿಷ, ನಾಲ್ಕು ಪ್ಯಾಸೇಜ್ ಎಂದರೆ ಒಂದಕ್ಕೆ 6 ನಿಮಿಷ. ಆರು ಪ್ರಶ್ನೆಗೆ ತಲಾ 30 ಸೆಕೆಂಡಿನಂತೆ 3 ನಿಮಿಷ ಬಿಟ್ಟರೆ 450 ಪದ ಓದಲು 3 ನಿಮಿಷ ಉಳಿಯಿತು. ನಿಮಿಷಕ್ಕೆ 150 ಪದ. ಇದು ಕಣ್ಣುಮುಚ್ಚಿ ಓಡುವ ವೇಗವಲ್ಲ. ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ 2020ರ ಪರೀಕ್ಷೆಗೆ ಹೊಸ ಮಾದರಿ ತಂದಾಗ ಹನ್ನೆರಡನೇ ತರಗತಿಯವರು ಇಂಥ ಪ್ಯಾಸೇಜನ್ನು 5ರಿಂದ 7 ನಿಮಿಷದಲ್ಲಿ ಓದಬಲ್ಲರು ಎಂದೇ ವಿವರಿಸಿತ್ತು. ಅದರ ಅರ್ಧ ಹೊತ್ತಿನಲ್ಲಿ ಓದುವ ಮಟ್ಟಕ್ಕೆ ಬಂದರೆ ಸಾಕು. ನಿಮಿಷಕ್ಕೆ 500 ಪದ ಓದಿಸುತ್ತೇವೆ ಎನ್ನುವ ಸ್ಪೀಡ್ ರೀಡಿಂಗ್ ಕೋರ್ಸ್‌ಗಳಿಗೆ ಹಣ ಹಾಕಬೇಕಿಲ್ಲ.

ಪ್ಯಾಸೇಜ್ ಪುಸ್ತಕಗಳ ಗುಣಮಟ್ಟ ತೀರಾ ಏರುಪೇರು. ಕೊಳ್ಳುವ ಮೊದಲು ಉತ್ತರದ ಪುಟ ತೆರೆದು ನೋಡಿ. ಸರಿ ಆಯ್ಕೆಯ ಅಕ್ಷರ ಮಾತ್ರ ಕೊಟ್ಟಿದ್ದರೆ ಅಲ್ಲೇ ಇಡಿ. ಉಳಿದ ಮೂರು ಏಕೆ ತಪ್ಪು ಎಂದು ಹೇಳಿರಬೇಕು. ಇನ್ನೊಂದು ಪರೀಕ್ಷೆ: ಐದು ಪ್ರಶ್ನೆಯಲ್ಲಿ ನಾಲ್ಕಕ್ಕೆ ಉತ್ತರ ಪ್ಯಾಸೇಜಿನಲ್ಲಿ ಅದೇ ಪದಗಳಲ್ಲಿ ಸಿಕ್ಕಿದರೆ ಅದು ಶಾಲೆಯ ಮಟ್ಟದ ಪುಸ್ತಕ.

ಹಳೆಯ ಪ್ರಶ್ನೆಪತ್ರಿಕೆಗೆ ಸಾಟಿಯಾದದ್ದು ಇನ್ನೊಂದಿಲ್ಲ, ಆದರೆ ಯಾವ ವರ್ಷದ್ದು ಎಂದು ನೋಡದೆ ಬಿಡಿಸಿದರೆ ದಾರಿ ತಪ್ಪಿಸುತ್ತದೆ. 2020ಕ್ಕೆ ಹಿಂದಿನ ಕ್ಲಾಟ್‌ನಲ್ಲಿ ಒಟ್ಟು 200 ಪ್ರಶ್ನೆ, ಪದ ಮತ್ತು ವ್ಯಾಕರಣದ ನೇರ ಪ್ರಶ್ನೆಗಳೂ ಇದ್ದವು. ಈಗಿನ ಕ್ಲಾಟ್‌ಗೆ ಅವು ಉಪಯೋಗವಿಲ್ಲ, ಸಿಯುಇಟಿಯ ಪದದ ಅಭ್ಯಾಸಕ್ಕೆ ಬೇಕಾದರೆ ಬಳಸಬಹುದು. 2020ರಿಂದ 2023ರವರೆಗಿನವು ಮಾದರಿಯಲ್ಲಿ ಸರಿ, ಆದರೆ 150 ಪ್ರಶ್ನೆಯವು. ಪ್ಯಾಸೇಜ್‌ಗಳನ್ನು ಬಿಡಿಯಾಗಿ ತೆಗೆದುಕೊಳ್ಳಿ, ಸಮಯವನ್ನು ಈಗಿನ ಲೆಕ್ಕದಲ್ಲಿ ಇಡಿ. ಸಿಯುಇಟಿಯಲ್ಲಿ 2025ಕ್ಕೆ ಮೊದಲು 50ರಲ್ಲಿ 40ಕ್ಕೆ ಉತ್ತರಿಸಿದರೆ ಸಾಕಿತ್ತು, ಬಾರದ್ದನ್ನು ಬಿಡಬಹುದಿತ್ತು. ಆ ಸವಲತ್ತು ಈಗಿಲ್ಲ. ಹಳೆಯ ಪತ್ರಿಕೆಯಲ್ಲಿ ಬಂದ ಅಂಕ ನೋಡಿ ನಿರಾಳವಾಗಬೇಡಿ. ಈ ಪತ್ರಿಕೆಗಳು ಸಂಖ್ಯೆಯಲ್ಲಿ ಕಡಿಮೆ ಇರುವುದರಿಂದ ಮೊದಲ ತಿಂಗಳಲ್ಲೇ ಖರ್ಚು ಮಾಡಬಾರದು. ಒಂದನ್ನು ಆರಂಭದಲ್ಲಿ ಮಟ್ಟ ತಿಳಿಯಲು, ಉಳಿದವನ್ನು ಕೊನೆಯ ಎರಡು ತಿಂಗಳಿಗೆ.

ತಪ್ಪಿನ ಪುಸ್ತಕ

ಯಾವ ಸಾಧನ ಆರಿಸಿದರೂ ಇದನ್ನು ಬಿಡುವಂತಿಲ್ಲ. ತಪ್ಪಾದ ಪ್ರತಿ ಪ್ರಶ್ನೆಗೂ ಕಾರಣ ಬರೆಯಬೇಕು. ಕಾರಣಗಳು ಸುತ್ತಿ ಬಳಸಿ ಐದೇ: ಪದ ಗೊತ್ತಿರಲಿಲ್ಲ, ಸಾಲು ಬಿಡಿಸಲಾಗಲಿಲ್ಲ, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ, ಪ್ಯಾಸೇಜಿನ ಆಚೆ ಹೋದೆ, ಸಮಯ ಸಾಲಲಿಲ್ಲ.

ನಾಲ್ಕನೆಯ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ಯಾಸೇಜಿನಲ್ಲಿ ಹೀಗಿದೆ ಎಂದುಕೊಳ್ಳಿ: ‘ಕೆರೆಗಳ ಹೂಳೆತ್ತಿದ ವರ್ಷ ಊರಿನ ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಅದೇ ವರ್ಷ ಮಳೆಯೂ ವಾಡಿಕೆಗಿಂತ ಹೆಚ್ಚಿತ್ತು.’ ಇದರಿಂದ ಏನು ತೀರ್ಮಾನಿಸಬಹುದು? ಹೂಳೆತ್ತಿದ್ದರಿಂದಲೇ ನೀರು ಏರಿತು ಎಂಬುದು ಒಂದು ಆಯ್ಕೆ. ಹೂಳೆತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ ಎಂಬುದು ಎರಡನೆಯದು. ಏರಿಕೆಗೆ ಹೂಳೆತ್ತಿದ್ದೊಂದೇ ಕಾರಣ ಎಂದು ಹೇಳಲಾಗದು ಎಂಬುದು ಮೂರನೆಯದು. ಕೆರೆ ಉಳಿಸುವುದು ಸರ್ಕಾರದ ಕರ್ತವ್ಯ ಎಂಬುದು ನಾಲ್ಕನೆಯದು. ಮೊದಲನೆಯದು ನಮಗೆ ಇಷ್ಟವಾಗುವ ಮಾತು, ನಾಲ್ಕನೆಯದು ಯಾರೂ ತಳ್ಳಿಹಾಕದ ಮಾತು, ಆದರೆ ಪ್ಯಾಸೇಜ್ ಎರಡನ್ನೂ ಹೇಳಿಲ್ಲ. ಸರಿ ಉತ್ತರ ಮೂರನೆಯದು. ತಿಳಿವಳಿಕೆ ಹೆಚ್ಚಿರುವ ಹುಡುಗ ಹುಡುಗಿಯರೇ ಇಲ್ಲಿ ಹೆಚ್ಚು ಸೋಲುತ್ತಾರೆ, ಏಕೆಂದರೆ ತಮಗೆ ಗೊತ್ತಿರುವುದನ್ನು ಪ್ಯಾಸೇಜಿನ ಬಾಯಿಗೆ ತುರುಕುತ್ತಾರೆ. ಆಯ್ಕೆ ಗುರುತಿಸುವ ಮೊದಲು ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡುವ ಕಟ್ಟುನಿಟ್ಟು ಬೆಳೆಸಿಕೊಳ್ಳಿ. ಬೆರಳಿಡಲು ಸಾಲು ಸಿಗದಿದ್ದರೆ ಆಯ್ಕೆ ತಪ್ಪು. ಓನ್ಲಿ, ಆಲ್ವೇಸ್, ನೆವರ್ ಇರುವ ಆಯ್ಕೆಗಳಿಗೆ ಈ ಪರೀಕ್ಷೆ ಎರಡು ಸಲ.

ಹದಿನೈದು ದಿನಕ್ಕೊಮ್ಮೆ ಕಾರಣಗಳನ್ನು ಎಣಿಸಿ. ಪದವೇ ಹೆಚ್ಚಿದ್ದರೆ ಕಾರ್ಡ್ ಹೆಚ್ಚಿಸಿ, ಸಾಲು ಹೆಚ್ಚಿದ್ದರೆ ಆವರಣದ ಅಭ್ಯಾಸ. ಎಲ್ಲಕ್ಕೂ ‘ಅಜಾಗರೂಕತೆ’ ಎಂದು ಬರೆದಿದ್ದರೆ ಮತ್ತೆ ಕೂತು ನೋಡಿ, ಆ ಪದದ ಹಿಂದೆ ಮೇಲಿನ ಐದರಲ್ಲಿ ಒಂದು ಅಡಗಿರುತ್ತದೆ.

ಕಾಗದವೋ ಪರದೆಯೋ, ತರಗತಿಯೋ ಮನೆಯೋ

ಕ್ಲಾಟ್ ಕಾಗದದ ಮೇಲೆ, ಸಿಯುಇಟಿ ಕಂಪ್ಯೂಟರಿನಲ್ಲಿ. ಕಾಗದದಲ್ಲಿ ಅಡಿಗೆರೆ ಎಳೆಯಬಹುದು, ಆದರೆ ಒಎಂಆರ್ ಹಾಳೆ ತುಂಬಲು ಹೊತ್ತು ಬೇಕು. ಪ್ರತಿ ಪ್ಯಾಸೇಜ್ ಮುಗಿದ ಕೂಡಲೇ ಅದರ ಉತ್ತರಗಳನ್ನು ತುಂಬಿ. ಎಲ್ಲವನ್ನೂ ಕೊನೆಗೆ ಉಳಿಸಿಕೊಂಡರೆ ಸಾಲು ಜಾರಿ ಒಂದರ ಉತ್ತರ ಮತ್ತೊಂದಕ್ಕೆ ಬೀಳುತ್ತದೆ. ಪರದೆಯಲ್ಲಿ ಗೆರೆ ಎಳೆಯಲಾಗದು. ಆದ್ದರಿಂದ ಸಿಯುಇಟಿಯವರು ಕೊನೆಯ ಆರು ವಾರವಾದರೂ ಕಂಪ್ಯೂಟರಿನಲ್ಲೇ ಓದಬೇಕು, ಪ್ಯಾರಾದ ಸಾರವನ್ನು ರಫ್ ಹಾಳೆಯಲ್ಲಿ ಎರಡು ಪದದಲ್ಲಿ ಬರೆಯಬೇಕು. ಮೊಬೈಲ್ ಪರದೆಯ ಅಭ್ಯಾಸ ಇದಕ್ಕೆ ಸಮನಲ್ಲ.

ಅಂಕ ಕಡಿತಕ್ಕೆ ಹೆದರಿ ಖಾಲಿ ಬಿಡುವುದು ಸಿಯುಇಟಿಯಲ್ಲಿ ನಷ್ಟ. ನಾಲ್ಕರಲ್ಲಿ ಒಂದು ಆಯ್ಕೆ ಖಚಿತವಾಗಿ ತಪ್ಪೆಂದು ಗೊತ್ತಾದರೆ ಉಳಿದ ಮೂರರಲ್ಲಿ ಒಂದನ್ನು ಹಾಕಿದರೂ ಸರಾಸರಿ 1 ಅಂಕದ ಲಾಭ. ಕ್ಲಾಟ್‌ನಲ್ಲಿ ಅದೇ ಲೆಕ್ಕ 0.17 ಅಂಕ. ಲಾಭವೇ, ಆದರೆ ಅದಕ್ಕಾಗಿ ಒಂದು ನಿಮಿಷ ಕೂರುವಷ್ಟು ಅಲ್ಲ.

ಕೋಚಿಂಗ್‌ನಿಂದ ಇಂಗ್ಲಿಷ್ ಭಾಗಕ್ಕೆ ಸಿಗುವ ನಿಜವಾದ ಲಾಭ ಮಾಕ್ ಟೆಸ್ಟ್ ಮತ್ತು ಅದರ ಚರ್ಚೆ. ಪದಪಟ್ಟಿ ಓದಿಸುವ ತರಗತಿಗೆ ಹಣ ಕೊಡಬೇಕಿಲ್ಲ. ಸೇರುವ ಮುನ್ನ ಒಂದು ಚರ್ಚೆಯ ತರಗತಿಯಲ್ಲಿ ಕೂತು ನೋಡಿ. ತಪ್ಪು ಆಯ್ಕೆಗಳ ಬಗ್ಗೆ ಮಾತಾಡುತ್ತಾರೋ ಇಲ್ಲವೋ ಎಂಬುದೇ ಅಳತೆ. ಎಐ ಬಳಸುವವರು ಅದರಿಂದ ಪ್ಯಾಸೇಜ್ ಮತ್ತು ಪ್ರಶ್ನೆ ಬರೆಸುವುದಕ್ಕಿಂತ, ತಮ್ಮ ತಪ್ಪು ಉತ್ತರದ ತರ್ಕವನ್ನು ಅದರ ಮುಂದಿಟ್ಟು ಎಲ್ಲಿ ಮುರಿಯಿತು ಎಂದು ಕೇಳುವುದು ಮೇಲು. ಅದು ಹೆಣೆದ ಪ್ರಶ್ನೆಗಳಲ್ಲಿ ಎರಡು ಆಯ್ಕೆಗಳು ಸರಿ ಎನ್ನಿಸುವಂತಿರುವುದು ಸಾಮಾನ್ಯ.

ಕನ್ನಡ ಪತ್ರಿಕೆ ಆರಿಸಬಹುದೇ

ಸಿಯುಇಟಿಯ 13 ಭಾಷೆಗಳಲ್ಲಿ ಕನ್ನಡವೂ ಒಂದು. ಇದನ್ನು ಗಮನಿಸದೆ ಇಂಗ್ಲಿಷನ್ನೇ ಹಿಡಿದು ಒದ್ದಾಡುವವರಿದ್ದಾರೆ. ನೀವು ಸೇರಬೇಕೆಂದಿರುವ ಕೋರ್ಸಿನ ಅರ್ಹತಾ ನಿಯಮ ಯಾವುದಾದರೂ ಒಂದು ಭಾಷೆ ಎಂದಿದ್ದರೆ, ಕನ್ನಡದಲ್ಲಿ ನಿಮ್ಮ ಹಿಡಿತ ಚೆನ್ನಾಗಿದ್ದರೆ, ಅದನ್ನು ಆರಿಸುವುದು ಬುದ್ಧಿವಂತಿಕೆ. ಇಂಗ್ಲಿಷ್ ಆನರ್ಸ್‌ನಂಥ ಕೋರ್ಸಿಗೆ ಇಂಗ್ಲಿಷೇ ಬೇಕು. ಸಂದೇಹವಿದ್ದರೆ ಎರಡನ್ನೂ ತೆಗೆದುಕೊಳ್ಳಬಹುದು, ಆದರೆ ಒಟ್ಟು ಐದು ವಿಷಯಗಳ ಮಿತಿಯಲ್ಲಿ ಒಂದು ಜಾಗ ಹೋಗುತ್ತದೆ. ಆದ್ದರಿಂದ ಅರ್ಜಿ ತುಂಬುವ ಮೊದಲೇ ಪ್ರತಿ ವಿಶ್ವವಿದ್ಯಾಲಯದ ಪಟ್ಟಿ ನೋಡಿ ಬರೆದಿಟ್ಟುಕೊಳ್ಳಿ.

ಕನ್ನಡ ಎಂದರೆ ತಯಾರಿ ಬೇಡ ಎಂದಲ್ಲ. ಮನೆಮಾತು ಕನ್ನಡವಾದರೂ ಗ್ರಾಂಥಿಕ ಪದಗಳಲ್ಲಿ ತಡವರಿಸುವವರೇ ಹೆಚ್ಚು. ತತ್ಸಮ ತದ್ಭವ, ವಿರುದ್ಧಪದ, ನುಡಿಗಟ್ಟು, ಗಾದೆಯ ಅರ್ಥಗಳಿಗೆ ಪ್ರೌಢಶಾಲೆಯ ವ್ಯಾಕರಣವನ್ನೇ ಮತ್ತೆ ತಿರುವಬೇಕು. ಓದಿಗೆ ಪ್ರಜಾವಾಣಿಯ ಸಂಪಾದಕೀಯ ಪುಟ, ಸುಧಾ ಮತ್ತು ಮಯೂರದ ಪ್ರಬಂಧಗಳು ಸಾಕು. ಪದಗಳ ಅರ್ಥಕ್ಕೆ ವಿ. ಕೃಷ್ಣ ಅವರ ಅಲರ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಕಾರ್ಡ್, ತಪ್ಪಿನ ಪುಸ್ತಕ, ಸಾಲಿನ ಮೇಲೆ ಬೆರಳು, ಇವು ಕನ್ನಡಕ್ಕೂ ಹಾಗೆಯೇ ಅನ್ವಯ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಎಂಟು ವಾರ ಕೊಟ್ಟರೆ ಕನ್ನಡ ಮಾಧ್ಯಮದವರಿಗೆ ಇದು ಸಾಲುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಹತ್ತನೇ ತರಗತಿಗೇ ಬಿಟ್ಟವರು ಹಳೆಯ ಕನ್ನಡ ಪತ್ರಿಕೆಯೊಂದನ್ನು ಸಮಯ ಇಟ್ಟು ಬಿಡಿಸಿ, 50ರಲ್ಲಿ 30ಕ್ಕಿಂತ ಕಡಿಮೆ ಸರಿ ಬಂದರೆ ಇಂಗ್ಲಿಷಿನಲ್ಲೇ ಉಳಿಯುವುದು ಕ್ಷೇಮ.